ನೀರಗಂಟಿಯ ಪಾಲು

ದಲಿತ ವಿಮರ್ಶೆಯ ಈ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಸಂಪಾದಕರು ಕೇಳಿದಾಗ, ಬೆಂಗಳೂರಿನ ನೀರಿನ ಬಗ್ಗೆ ಬರೆಯುತ್ತೇನೆ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು ‘ಕಾದಂಬರಿಗಳಲ್ಲಿ ನೀರು ಅಂತಾನಾ ಸಾರ್?’ ಅಂದರು. ಅದೂ ಇರುತ್ತೆ, ಅದರ ಜೊತೆಗೆ ಕೊಳಾಯಿ, ಮೋರಿ, ಮ್ಯಾನ್‌ಹೋಲೂ ಇರುತ್ತವೆ ಅಂದೆ. ಅದು ವಿಮರ್ಶೆ ಹೇಗಾಗುತ್ತೆ ಅನ್ನುವ ಪ್ರಶ್ನೆ ಅವರ ನಾಲಿಗೆಯ ತನಕ ಬಂದು ನಿಂತದ್ದು ನನಗೆ ಫೋನಿನಲ್ಲೇ ಗೊತ್ತಾಯಿತು. ಅವರು ಕೇಳದೆ ಉಳಿಸಿದ ಆ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಊರೂರಲ್ಲಿ ಗಲಾಟೆಯಾಯಿತು, ನಮ್ಮ ಹುಡುಗರಿಗೆ ಹಾಸ್ಟೆಲುಗಳಲ್ಲಿ ಏಟು ಬಿದ್ದವು, ಅವರ ಮಂತ್ರಿಗಿರಿಯೂ ಹೋಯಿತು. ದಲಿತ ಸಾಹಿತ್ಯದ ಚರಿತ್ರೆ ಬರೆಯುವವರೆಲ್ಲ ಅಲ್ಲಿಂದ ಶುರು ಮಾಡುತ್ತಾರೆ, ಸರಿಯೇ. ಆದರೆ ಇದೇ ಬಸವಲಿಂಗಪ್ಪನವರು ಅರಸು ಸಂಪುಟದಲ್ಲಿ ಪೌರಾಡಳಿತದ ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು. ಈ ಎರಡನೆಯ ಸಂಗತಿ ನಮ್ಮ ಸಾಹಿತ್ಯ ಚರಿತ್ರೆಯೊಳಗೆ ಬರುವುದೇ ಇಲ್ಲ. ಅದು ಆಡಳಿತ, ಇದು ಸಂಸ್ಕೃತಿ ಅಂತ ಬೇರೆ ಬೇರೆ ಬೀರುಗಳಲ್ಲಿಟ್ಟು ಬೀಗ ಹಾಕಿದ್ದೇವೆ. ನನ್ನ ಪ್ರಕಾರ ಬೂಸಾ ಅಂದದ್ದೂ ಬಕೆಟ್ಟು ಇಳಿಸಿದ್ದೂ ಒಂದೇ ವಿಮರ್ಶೆ. ಯಾರ ತಲೆಯ ಮೇಲೆ ಏನಿದೆ ಅಂತ ನೋಡದ ಸಾಹಿತ್ಯವನ್ನು ಅವರು ಬೂಸಾ ಅಂದರು, ಅಷ್ಟೆ. ನಾನು ಅದೇ ದಾರಿಯಲ್ಲಿ ನಗರದ ನೀರನ್ನು ಓದಬೇಕು ಅಂತ ಹೊರಟಿದ್ದೇನೆ.

ಹೊರಡುವುದು ಮಾತ್ರ ಹಳ್ಳಿಯಿಂದಲೇ ಆಗಬೇಕು, ಬೇರೆ ದಾರಿ ನನಗಿಲ್ಲ. ನಮ್ಮ ಕೋಲಾರ ಸೀಮೆಯಲ್ಲಿ ನೀರಿಗೆ ಎರಡು ಕ್ರಿಯಾಪದಗಳಿದ್ದವು. ಊರಿನವರು ಬಾವಿಯಲ್ಲಿ ನೀರು ಸೇದುತ್ತಿದ್ದರು. ಕೇರಿಯವರು ನೀರು ಹೊಯ್ಯಿಸಿಕೊಳ್ಳುತ್ತಿದ್ದರು. ನಮ್ಮಮ್ಮ ಬಾವಿಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಬಿಂದಿಗೆ ಇಟ್ಟುಕೊಂಡು ಕೂತಿರೋರು. ಸೇದಿಕೊಂಡು ಹೋಗುವ ಹೆಂಗಸರಲ್ಲಿ ಯಾರಿಗೆ ಯಾವಾಗ ಮನಸ್ಸು ಬರುತ್ತೋ ಆಗ, ತಾಗದ ಹಾಗೆ ಎತ್ತರದಿಂದ ಸುರಿಯೋರು. ಅರ್ಧ ಬಿಂದಿಗೆಗೆ, ಅರ್ಧ ಮಣ್ಣಿಗೆ. ‘ಇಸು’ ಅನ್ನುವ ಪ್ರತ್ಯಯ ಪ್ರೇರಣಾರ್ಥಕ, ಬೇರೆಯವರ ಕೈಲಿ ಮಾಡಿಸುವವನದು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಕೆರೆ ಕಟ್ಟಿಸಿದ, ಬಾವಿ ತೋಡಿಸಿದ, ತೂಬು ಇಡಿಸಿದ. ಶಾಸನಗಳ ತುಂಬ ಇದೇ ಪ್ರತ್ಯಯ. ಕಟ್ಟಿದವನು ಎಲ್ಲೂ ಇಲ್ಲ, ಕಟ್ಟಿಸಿದವನು ಮಾತ್ರ ಕಲ್ಲಿನಲ್ಲಿ ಉಳಿದಿದ್ದಾನೆ. ನಮ್ಮಮ್ಮನ ಪಾಲಿಗೆ ಬಂದ ಒಂದೇ ಒಂದು ‘ಇಸು’ ಈ ಹೊಯ್ಯಿಸಿಕೊಳ್ಳುವುದು. ಅದರಲ್ಲಿ ಯಜಮಾನಿಕೆ ಇರಲಿಲ್ಲ, ಕಾಯುವುದಿತ್ತು.

‘ಕೆರೆಗೆ ಹಾರ’ ಲಾವಣಿಯನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿ ಅತ್ತವರೇ. ಗೌಡ ಕೆರೆ ತೋಡಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅದನ್ನು ತ್ಯಾಗ ಅಂತ ಓದಿದ ಕಾಲ ಹೋಗಿ ಕೊಲೆ ಅಂತ ಓದುವ ಕಾಲ ಬಂದದ್ದು ಸ್ತ್ರೀವಾದಿ ವಿಮರ್ಶೆಯಿಂದ. ಅದು ದೊಡ್ಡ ಕೆಲಸ. ಆದರೂ ಆ ಓದಿನಲ್ಲಿ ಉಳಿದುಹೋದ ಒಂದು ಪ್ರಶ್ನೆಯಿದೆ: ಆ ಕೆರೆಯನ್ನು ತೋಡಿದವರು ಯಾರು? ನಮ್ಮ ನಾಡಿನ ಕೆರೆಗಳ ಮಣ್ಣು ಹೊತ್ತವರು, ಏರಿ ಕಟ್ಟಿದವರು ಬಹುಮಟ್ಟಿಗೆ ವಡ್ಡರು, ಅವರ ಜೊತೆಗೆ ಕೇರಿಯ ಬಿಟ್ಟಿ ಆಳುಗಳು. ಮನೆಯ ಸೊಸೆಗೆ ಬಲಿಯಾಗಿಯಾದರೂ ಒಂದು ಹೆಸರಿದೆ. ಗುದ್ದಲಿ ಹಿಡಿದವರಿಗೆ ಆ ಕಥನದೊಳಗೆ ಹೆಸರೂ ಇಲ್ಲ, ಹೆಣವೂ ಇಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೆಂಗಳೂರಿನ ನೀರಿನ ಬಗ್ಗೆ ಮಾತಾಡುವ ಸಜ್ಜನರೆಲ್ಲ ಈಗ ಕೆರೆಗಳಿಗೆ ವಾಪಸ್ಸು ಹೋಗೋಣ ಅನ್ನುತ್ತಿದ್ದಾರೆ. ಧರ್ಮಾಂಬುಧಿ ಬಸ್ಸುನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು ಅನ್ನುವ ಪಟ್ಟಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಸುಳ್ಳೇನಲ್ಲ, ನೋವೂ ನಿಜ. ಆದರೆ ಈ ನೋವಿನ ಭಾಷೆಯಲ್ಲಿ ಹಳೆಯ ಕೆರೆ ಒಂದು ಕಳೆದುಹೋದ ಸ್ವರ್ಗ. ಅಲ್ಲಿ ಊರೆಲ್ಲ ಒಟ್ಟಾಗಿ ಹೂಳೆತ್ತುತ್ತಿತ್ತು, ನೀರು ಎಲ್ಲರದಾಗಿತ್ತು, ನೀರಗಂಟಿ ಅನ್ನುವ ನ್ಯಾಯವಂತನೊಬ್ಬ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದ ಅಂತ ಬರೆಯುತ್ತಾರೆ.

ಆ ನೀರಗಂಟಿ ನಮ್ಮ ತಾತ.

ತಾತ ಕಿವಿಗೆ ಹರಳೆಣ್ಣೆ ಅದ್ದಿದ ಹತ್ತಿ ತುರುಕಿಕೊಂಡು, ತೂಬಿನ ಕಲ್ಲುಗಂಬಗಳ ನಡುವೆ ಮುಳುಗಿ, ಬೆಣೆ ಸಡಿಲಿಸಿ ನೀರು ಬಿಡುತ್ತಿದ್ದ. ಕೆರೆ ತುಂಬಿದ ವರ್ಷ ತೂಬಿನ ಬಾಯಿ ಎರಡಾಳು ಆಳ. ಒಳಗೆ ಸೆಳೆತ ಜೋರು, ಕೈ ಸಿಕ್ಕಿಕೊಂಡರೆ ಮುಗಿಯಿತು. ತಾತ ಮೇಲೆ ಬರುವ ತನಕ ಏರಿಯ ಮೇಲೆ ನಿಂತ ನಾವು ಹುಡುಗರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಅಲ್ಲಿಂದ ಮುಂದೆ ಕಾಲುವೆಯಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವನ ಮಾತು. ಗೌಡರಾದರೂ ಸರಿ, ತಾವೇ ಮಡೆ ತಿರುಗಿಸುವ ಹಾಗಿರಲಿಲ್ಲ. ಮಳೆ ಕೈಕೊಟ್ಟ ವರ್ಷ ದಾಮಾಶಾ ಅಂತ ಮಾಡುತ್ತಿದ್ದರು. ಕೆರೆಯಲ್ಲಿರುವ ನೀರು ಇಡೀ ಅಚ್ಚುಕಟ್ಟಿಗೆ ಸಾಲದು ಅಂತಾದರೆ, ಕೆರೆಯ ಹತ್ತಿರದ ಒಂದು ಭಾಗವನ್ನು ಮಾತ್ರ ಬೆಳೆಗೆ ಇಟ್ಟುಕೊಂಡು, ಅದರಲ್ಲಿ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ತುಂಡು ಹಂಚುವುದು. ತುದಿಯವನದು ಒಣಗಿ ತಲೆಯವನದು ಮಾತ್ರ ಬೆಳೆಯಬಾರದು, ಬರ ಬಂದರೆ ಎಲ್ಲರಿಗೂ ಬರಬೇಕು ಅನ್ನುವ ಲೆಕ್ಕ. ಈ ದಾಮಾಶಾ ಬಗ್ಗೆ ಈಗ ನೀರಿನ ಪಂಡಿತರು ಬೆರಗಾಗಿ ಬರೆಯುತ್ತಾರೆ. ನನಗೂ ಅದರ ಬಗ್ಗೆ ಗೌರವವಿದೆ. ಕಷ್ಟ ಬಂದಾಗ ಹಂಚಿಕೊಳ್ಳುವ ನಿಯಮವನ್ನು ಕಷ್ಟ ಬರುವ ಮೊದಲೇ ಮಾಡಿಟ್ಟುಕೊಂಡ ಸಮಾಜ ಅದು.

ಆದರೆ ದಾಮಾಶಾದ ಪಟ್ಟಿಯಲ್ಲಿ ಯಾರಿದ್ದರು? ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರು. ಗದ್ದೆ ಇಲ್ಲದವನಿಗೆ ಸುಗ್ಗಿಯಲ್ಲೂ ಪಾಲಿಲ್ಲ, ಬರದಲ್ಲೂ ಪಾಲಿಲ್ಲ. ತಾತನಿಗೆ ನೀರಗಂಟಿಕೆಗೆ ಅಂತ ಒಂದು ಚೂರು ಇನಾಮು ಇತ್ತು, ಅದು ಕಾಲುವೆಯ ಕಟ್ಟಕಡೆಯಲ್ಲಿ. ಉಳಿದಂತೆ ಕಣದಲ್ಲಿ ಕೊಟ್ಟಷ್ಟು ಕಾಳು. ನೀರಗಂಟಿ ನಿಷ್ಪಕ್ಷಪಾತಿ ಅಂತ ಹೊಗಳುತ್ತಾರಲ್ಲ, ಅವನು ನಿಷ್ಪಕ್ಷಪಾತಿಯಾಗಿರಲು ಸಾಧ್ಯವಾದದ್ದೇ ಅವನಿಗೆ ಹೇಳಿಕೊಳ್ಳುವಂಥ ಪಾಲು ಇರಲಿಲ್ಲ ಅನ್ನುವ ಕಾರಣಕ್ಕೆ. ಪಾಲಿಲ್ಲದವನ ಕೈಗೆ ತಕ್ಕಡಿ ಕೊಡುವುದು ಜಾತಿಪದ್ಧತಿ ಕಂಡುಹಿಡಿದ ಬಹಳ ಜಾಣತನದ ಏರ್ಪಾಟು. ಇಡೀ ಊರಿನ ನೀರು ತಾತನ ಕೈಯಲ್ಲಿತ್ತು. ಬಾಯಾರಿದಾಗ ಅದೇ ತಾತ ಬಾವಿಯಿಂದ ಹತ್ತು ಮಾರು ದೂರ ಬೊಗಸೆ ಒಡ್ಡಿ ನಿಲ್ಲುತ್ತಿದ್ದ.

ಕಾರಂತರ ‘ಚೋಮನ ದುಡಿ’ಯನ್ನು (1933) ಸಾಮಾನ್ಯವಾಗಿ ಭೂಮಿಯ ಕಾದಂಬರಿ ಅಂತಲೇ ಓದುತ್ತೇವೆ. ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಅದು ಮಣ್ಣಾಗುವುದು. ನನಗೆ ಆ ಪುಸ್ತಕದಲ್ಲಿ ನಿದ್ದೆ ಕೆಡಿಸಿದ್ದು ಮಗ ನೀಲ ಹೊಳೆಯಲ್ಲಿ ಮುಳುಗುವ ಜಾಗ. ಈಜು ಬಲ್ಲವರು ದಡದಲ್ಲಿದ್ದಾರೆ. ಇಳಿಯಲು ಹೊರಟವನನ್ನೂ ತಡೆಯುತ್ತಾರೆ, ಮುಟ್ಟಬಾರದಲ್ಲ. ಕನ್ನಡ ವಿಮರ್ಶೆ ಇದನ್ನು ಕರುಣರಸದ ಸನ್ನಿವೇಶವೆಂದು ದಾಟಿಬಿಟ್ಟಿತು. ನನಗನ್ನಿಸುವುದು, ಇಲ್ಲಿ ಕಾರಂತರು ತಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ನೀರಿನ ಇಡೀ ವ್ಯವಸ್ಥೆಯ ನಕ್ಷೆ ಬರೆದಿದ್ದಾರೆ. ನೀರಿನೊಳಗೆ ಇರುವವನು ಒಬ್ಬ, ದಡದಲ್ಲಿ ನಿಂತು ನೋಡುವವರು ಹಲವರು, ನಡುವೆ ಮುಟ್ಟದ ನಿಯಮ. ಈ ನಕ್ಷೆಯನ್ನು ಹಿಡಿದುಕೊಂಡೇ ನಾನು ಬೆಂಗಳೂರಿಗೆ ಬಂದೆ.

ಬಂದದ್ದು ಹಾಸ್ಟೆಲಿಗೆ, ಓದುವುದಕ್ಕೆ. ಮೊದಲನೇ ದಿನ ಬೀದಿ ಕೊಳಾಯಿ ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದದ್ದು ನೆನಪಿದೆ. ಯಾರನ್ನೂ ತಾಯಿ ಅನ್ನಬೇಕಿರಲಿಲ್ಲ. ಹಿತ್ತಾಳೆ ನಲ್ಲಿಗೆ ಜಾತಿ ಗೊತ್ತಿಲ್ಲ. ಪರಿಸರದ ಗೆಳೆಯರು ಕೊಳವೆ ನೀರನ್ನು ಆಧುನಿಕತೆಯ ಪಾಪ ಅನ್ನುವ ಹಾಗೆ ಮಾತಾಡುವಾಗ ನನಗೆ ಸಿಟ್ಟು ಬರುವುದು ಇದಕ್ಕೇ. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಜಲಾಶಯದಿಂದ, ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ನೂರು ಕಿಲೋಮೀಟರ್ ಆಚೆಯ ಕಾವೇರಿಯಿಂದ ಹತ್ತಿರ ಹತ್ತಿರ ಐನೂರು ಮೀಟರ್ ಮೇಲಕ್ಕೆತ್ತಿ ತಂದ ಈ ನೀರು ನಮಗೆ ಬಿಡುಗಡೆಯ ನೀರೂ ಹೌದು. ಅಂಬೇಡ್ಕರ್ ಹಳ್ಳಿಯನ್ನು ಯಾಕೆ ಅಷ್ಟು ಕಟುವಾಗಿ ಕಂಡರು ಅನ್ನುವುದು ಬಾವಿಕಟ್ಟೆಯ ದೂರದಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. ಕೆರೆಗೆ ವಾಪಸ್ಸು ಅನ್ನುವವರು, ಬಾವಿಗೂ ವಾಪಸ್ಸಾ ಅಂತ ಒಮ್ಮೆ ನಮ್ಮನ್ನು ಕೇಳಲಿ.

ಹಾಗಂತ ಕೊಳಾಯಿಯನ್ನು ಪೂಜಿಸಿಕೊಂಡು ಕೂರುವ ಹಾಗೂ ಇಲ್ಲ. ಕೊಳಾಯಿಗೆ ಜಾತಿ ಗೊತ್ತಿಲ್ಲದಿದ್ದರೂ ಕೊಳವೆ ಹಾಕುವವರಿಗೆ ವಿಳಾಸ ಗೊತ್ತಿರುತ್ತದೆ. ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಅಂತ ಒಂದಿದೆ, ಎಂಜಿನಿಯರುಗಳ ಮನುಸ್ಮೃತಿ ಅನ್ನಬಹುದು. ಅದರ 1999ರ ಆವೃತ್ತಿಯ ಒಂದು ಕೋಷ್ಟಕವನ್ನು ನಾನು ಪಠ್ಯವೆಂದೇ ಓದಿದ್ದೇನೆ. ಬೀದಿ ನಲ್ಲಿಯಿಂದ ನೀರು ಹಿಡಿಯುವವನಿಗೆ ದಿನಕ್ಕೆ 40 ಲೀಟರ್. ಮನೆಗೆ ಕೊಳವೆ ಇದ್ದು ಒಳಚರಂಡಿ ಇಲ್ಲದ ಪಟ್ಟಣದವನಿಗೆ 70. ಒಳಚರಂಡಿ ಇರುವ ನಗರದವನಿಗೆ 135. ಮಹಾನಗರದವನಿಗೆ 150. ಎಲ್ಲರ ಬಾಯಾರಿಕೆಯೂ ಒಂದೇ, ಅಳತೆ ಮಾತ್ರ ಬೇರೆ. 70ಕ್ಕೂ 135ಕ್ಕೂ ನಡುವಿನ ವ್ಯತ್ಯಾಸ ಬಂದದ್ದು ಕುಡಿಯುವುದರಿಂದಲ್ಲ, ಕಕ್ಕಸಿನಿಂದ. ಮಲವನ್ನು ಕೊಳವೆಯಲ್ಲಿ ನೂಕಿಕೊಂಡು ಹೋಗಬೇಕಾದರೆ ಅಷ್ಟು ನೀರು ಬೇಕು. ಅಂದರೆ ಈ ದೇಶದಲ್ಲಿ ಮನುಷ್ಯನಿಗೆ ಎಷ್ಟು ನೀರು ಸಲ್ಲಬೇಕು ಅನ್ನುವುದು ಅವನ ಮಲವನ್ನು ಯಾರು, ಹೇಗೆ ಸಾಗಿಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ತನ್ನ ಮಲ ಕಣ್ಣಿಗೆ ಬೀಳದಂತೆ ಹೋಗುವ ಸೌಕರ್ಯವಿರುವವನಿಗೆ ಹೆಚ್ಚು ನೀರು. ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟವಳಿಗೆ 40. ಜಾತಿಯ ಒಂದು ಪದವೂ ಇಲ್ಲದೆ ಇಷ್ಟು ಶುದ್ಧವಾಗಿ ಜಾತಿಯನ್ನು ಬರೆದ ಪಠ್ಯ ನಾನು ಬೇರೆ ಕಂಡಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿದ್ದ ಆ 40 ಲೀಟರಿನ ನಲ್ಲಿಯನ್ನೂ ಒಂದು ದಿನ ಕಿತ್ತುಕೊಂಡು ಹೋದರು. ಮನೆಮನೆಗೂ ಸಂಪರ್ಕ ಕೊಡ್ತೀವಿ ಅಂದರು. ಸಂಪರ್ಕಕ್ಕೆ ಮನೆಪತ್ರ ಕೇಳಿದರು. ಅದು ದೊಡ್ಡ ಕಥೆ, ಬಿಡಿ.

ಬೆಂಗಳೂರಿಗೆ ನೀರು ಕೊಡುವ ಸಂಸ್ಥೆ 1964ರಲ್ಲಿ ಹುಟ್ಟಿದ್ದು. ಪೂರ್ತಿ ಹೆಸರು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಜನ ಕರೆಯುವುದು, ಪತ್ರಿಕೆಗಳು ಬರೆಯುವುದು ಜಲಮಂಡಳಿ ಅಂತ. ಬಾಯಿಗೆ ಸುಲಭ, ನಿಜ. ಆದರೆ ಹೆಸರು ಮೊಟಕಾಗುವಾಗ ಬಿದ್ದುಹೋದದ್ದು ಯಾವ ಪದ ನೋಡಿ. ನೀರು ಉಳಿಯಿತು, ಒಳಚರಂಡಿ ಹೋಯಿತು. ನೀರು ಎಲ್ಲಿಂದ ಬರುತ್ತದೆ ಅನ್ನುವುದು ಇಡೀ ನಗರಕ್ಕೆ ಗೊತ್ತು, ಅದಕ್ಕಾಗಿ ಬಂದ್ ಮಾಡುತ್ತದೆ. ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತದೆ. ನಗರಕ್ಕೂ ನೀರಿಗೂ ನ್ಯಾಯದ ಸಂಬಂಧ ಕಟ್ಟಬೇಕು ಅನ್ನುವವರ ವಿಚಾರ ಸಂಕಿರಣಗಳಲ್ಲೂ ನಾನು ಕೂತಿದ್ದೇನೆ. ಮಳೆಕೊಯ್ಲು, ಇಂಗುಗುಂಡಿ, ಮೀಟರು, ನದಿಯ ಹಕ್ಕು, ಎಲ್ಲ ಬರುತ್ತದೆ. ಗುಂಡಿಗಿಳಿಯುವವನು ಬರುವುದಿಲ್ಲ. ಅವನ ವಿಷಯಕ್ಕೆ ಬೇರೆ ಇಲಾಖೆ, ಬೇರೆ ಸಭೆ, ಬೇರೆ ಆಯೋಗ.

ನನ್ನ ಚಿಕ್ಕಪ್ಪನ ಮಗ ಹಾಗೆ ಇಳಿದವನು. ಸಣ್ಣವನಿದ್ದಾಗ ತಾತನ ಜೊತೆ ತೂಬಿಗೆ ಹೋಗುತ್ತಿದ್ದ, ಮುಳುಗುವುದನ್ನು ಕಲಿತಿದ್ದ. ಕೆರೆ ಒಣಗಿತು, ಬೋರ್‌ವೆಲ್ ಬಂತು, ನೀರಗಂಟಿಕೆ ನಿಂತೇಹೋಯಿತು. ಅವನು ಬೆಂಗಳೂರಿಗೆ ಬಂದು ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೇರಿದ. ಒಂದು ದಿನ ಒಂದು ವಸತಿ ಸಮುಚ್ಚಯದ ಕೊಳಚೆ ಶುದ್ಧೀಕರಣ ತೊಟ್ಟಿಗೆ ಇಬ್ಬರನ್ನು ಇಳಿಸಿದರು. ಮೊದಲು ಜೊತೆಗಾರ, ಆಮೇಲೆ ಅವನನ್ನು ಎತ್ತಲು ಇವನು. ಇವನು ಹೊರಗೆ ಬಂದ, ಜೊತೆಗಾರ ಬರಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಹೇಳಿದ: ‘ತಾತ ಹೇಳ್ಕೊಟ್ಟ ಹಾಗೇ ಉಸಿರು ಹಿಡ್ಕೊಂಡೆ ಅಣ್ಣ. ಕೆರೇಲಿ ಆದ್ರೆ ಮೇಲೆ ಬಂದ್ರೆ ಗಾಳಿ ಸಿಗ್ತದೆ. ಇಲ್ಲಿ ಮೇಲೂ ಅದೇ.’ ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದಂತೆ. ವಾಸನೆ ನಿಂತಿತು, ಸದ್ಯ, ಅಂದುಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸತ್ತ ಹುಡುಗನ ಬಗ್ಗೆ ಗುತ್ತಿಗೆದಾರ ಹೇಳಿದ್ದು: ಕಾಲು ಜಾರಿ ಬಿದ್ದ, ನಾವು ಇಳಿ ಅಂತ ಹೇಳಿರಲಿಲ್ಲ. ಮೇಲೆ ನಿಂತಿದ್ದವರಲ್ಲಿ ಯಾರೂ ಇಳಿಯಲಿಲ್ಲ. ನೀಲನ ಹೊಳೆಯ ದಡ ನನಗೆ ಮತ್ತೆ ಕಾಣಿಸಿತು.

1993ರ ಕಾನೂನು ಒಣ ಕಕ್ಕಸುಗಳನ್ನು ಕಂಡಿತು, ಚರಂಡಿಯನ್ನು ಕಾಣಲಿಲ್ಲ. 2013ರ ಕಾನೂನು ಚರಂಡಿಯನ್ನೂ ಕಂಡಿತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಅಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತು, ಬೇಡ ಅನ್ನುವುದಿಲ್ಲ. ಆದರೆ ಸತ್ತದ್ದು ಚರಂಡಿಯಿಂದಲ್ಲ ಅಂತ ಬರೆಸಿಕೊಳ್ಳುವ ಆತುರವೂ ಅದರ ಜೊತೆಗೇ ಏರುತ್ತದೆ. ತಾತನ ಮುಳುಗುವ ವಿದ್ಯೆ ಮೂರನೇ ತಲೆಮಾರಿಗೆ ಹೀಗೆ ಉಪಯೋಗಕ್ಕೆ ಬಂತು. ಜಾತಿ ಕಸುಬನ್ನು ಬದಲಾಯಿಸಿತು, ಉಸಿರು ಕಟ್ಟುವವನನ್ನು ಬದಲಾಯಿಸಲಿಲ್ಲ.

ಇನ್ನು ಸಂಕಷ್ಟ ಸೂತ್ರದ ವಿಷಯ. 2023ರಲ್ಲಿ ಮಳೆ ಕಮ್ಮಿಯಾಗಿ, ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ ಬಂದು, ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್ ಆಯಿತು. ಬರದ ವರ್ಷ ಹೇಗೆ ಹಂಚಿಕೊಳ್ಳಬೇಕು ಅನ್ನುವುದಕ್ಕೆ ಒಂದು ಸೂತ್ರ ಮಾಡಿ ಅಂತ ನಾವೆಲ್ಲ ಕೇಳಿದೆವು. ನ್ಯಾಯವಾದ ಮಾತು. ಅದಕ್ಕೂ ಮೊದಲು, 2018ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೇ ಅಂತ 4.75 ಟಿಎಂಸಿ ಹೆಚ್ಚು ಕೊಟ್ಟಿತ್ತು. ಕುಡಿಯುವ ನೀರು ಅಂದಾಗ ನ್ಯಾಯಾಲಯದ ಕಣ್ಣ ಮುಂದಿದ್ದದ್ದು ಬಾಯಾರಿದ ಮನುಷ್ಯ. ಆದರೆ 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬಾಯಾರಿದವರು ಯಾರು? 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳವರು, ಹೊರವಲಯದ ಕೊಳೆಗೇರಿಗಳವರು. ಕಾವೇರಿ ಕೊಳಾಯಿ ಇದ್ದ ಮನೆಗೆ ಆಗ ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ ದರ, ಮೇಲಿನ ಶುಲ್ಕ ಬೇರೆ. ಟ್ಯಾಂಕರಿನವರ ಸುಲಿಗೆ ತಡೆಯಲು ಜಿಲ್ಲಾಡಳಿತವೇ ಗೊತ್ತುಮಾಡಿದ ದರ, 5 ಕಿಲೋಮೀಟರಿನೊಳಗೆ, 6 ಸಾವಿರ ಲೀಟರಿಗೆ 600 ರೂಪಾಯಿ. ಅಂದರೆ ಸಾವಿರಕ್ಕೆ 100. ಇದು ಕನಿಕರದ ದರ. ಕಾರು ತೊಳೆದವರಿಗೆ 5 ಸಾವಿರ ದಂಡ ಅಂತಲೂ ಹೇಳಿದರು. ಒಂದು ಬಡಾವಣೆಯ ಕೊಳಾಯಿಯನ್ನು ಅರ್ಧ ಗಂಟೆ ಕಮ್ಮಿ ತಿರುಗಿಸಿ ಇನ್ನೊಂದು ಬಡಾವಣೆಗೆ ಹೆಚ್ಚು ಬಿಡುವ ನಿಯಮ, ಮೊದಲೇ ಬರೆದಿಟ್ಟು ಎಲ್ಲರಿಗೂ ಓದಿ ಹೇಳಿದ ನಿಯಮ, ನನ್ನ ಕಣ್ಣಿಗಂತೂ ಬೀಳಲಿಲ್ಲ. ರಾಜ್ಯ ರಾಜ್ಯಗಳ ನಡುವೆ ಸೂತ್ರ ಬೇಕು ಅನ್ನುವ ನಗರ ತನ್ನೊಳಗೆ ಅದನ್ನು ಬೇಡ ಅನ್ನುತ್ತದೆ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 775 ದಶಲಕ್ಷ ಲೀಟರ್, ಆ 110 ಹಳ್ಳಿಗಳಿಗಾಗಿ. ಸಂತೋಷ. ಆದರೆ ಹೆಚ್ಚು ನೀರು ತರುವುದು ಬೇರೆ, ಇರುವ ನೀರಿಗೆ ದಾಮಾಶಾ ಮಾಡುವುದು ಬೇರೆ. ಮತ್ತೆ ಬರ ಬರುತ್ತದೆ. ಆಗ ನೀರಿಗೆ ಪಾಲುದಾರನಾಗಲು ಗದ್ದೆಯ ಪಹಣಿಯೂ ಬೇಡ, ಮನೆಪತ್ರವೂ ಬೇಡ, ಈ ಊರಲ್ಲಿ ಉಸಿರಾಡುತ್ತಿದ್ದರೆ ಸಾಕು ಅನ್ನುವ ದಾಮಾಶಾ ಬೇಕು. ಹಳೆಯದರಿಂದ ಲೆಕ್ಕವನ್ನು ತೆಗೆದುಕೊಳ್ಳೋಣ, ಪಟ್ಟಿಯನ್ನು ಬಿಸಾಡೋಣ.

ಬೆಂಗಳೂರಿಗೆ ಬಂದ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆನಲ್ಲ, ಈಗ ಅದು ನಮ್ಮೂರಿಗೇ ಬರುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ, ದಿನಕ್ಕೆ 400 ದಶಲಕ್ಷ ಲೀಟರಿಗೂ ಮಿಕ್ಕಿ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ಶುರುವಾಯಿತು. ಆ ಜುಲೈನಲ್ಲಿ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ಗಲಾಟೆಯಾಗಿ, ವಿಷಯ ಹೈಕೋರ್ಟಿಗೂ ಹೋಗಿತ್ತು. ಮೂರನೇ ಹಂತದ ಶುದ್ಧಿ ಬೇಕು ಅನ್ನುವ ಕೂಗು ಇವತ್ತಿಗೂ ನಿಂತಿಲ್ಲ. ಯೋಜನೆಯನ್ನು ನಾನು ಸಾರಾಸಗಟಾಗಿ ಬೈಯುವವನಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ನೆಲದಲ್ಲಿ ಬೋರ್‌ವೆಲ್‌ಗಳು ಮತ್ತೆ ಉಸಿರಾಡಿವೆ, ನಾನೇ ನೋಡಿದ್ದೇನೆ. ಬಳಸಿದ ನೀರನ್ನು ಮತ್ತೆ ಬಳಸುವುದು ವಿವೇಕ. ಆದರೆ ಮಹಾಡ್ ನೆನಪಾಗುತ್ತದೆ. ಚವದಾರ್ ಕೆರೆ ಒಂದು ಪಟ್ಟಣದ ಕೆರೆ, ಪುರಸಭೆಯದು. 1924ರಲ್ಲಿ ಪುರಸಭೆಯೇ ಅದು ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಜೊತೆಗೆ ಬಂದವರು ಬೊಗಸೆಯಲ್ಲಿ ನೀರು ಕುಡಿದರು. ಸವರ್ಣೀಯರು 108 ಮಡಕೆಗಳಲ್ಲಿ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಮೊಕದ್ದಮೆ 1937ರ ತನಕ ನಡೆಯಿತು. ನಮ್ಮವರ ಬೊಗಸೆ ತಾಗಿದ್ದಕ್ಕೆ 108 ಮಡಕೆ ಬೇಕಾಯಿತು. ಒಂದು ಮಹಾನಗರದ ಕೊಳಚೆ ನಮ್ಮ ಕೆರೆಗೆ ಬರುವುದಕ್ಕೆ ಎರಡು ಹಂತ ಸಾಕಾಯಿತು. ಶುದ್ಧಿ ಅನ್ನುವ ಒಂದೇ ಪದ ಎರಡೂ ಕಡೆ ಇದೆ ಅನ್ನುವುದನ್ನು ವಿಮರ್ಶಕನಾದವನು ಗಮನಿಸದಿದ್ದರೆ ಹೇಗೆ?

ಹೋದ ವರ್ಷ ಊರಿಗೆ ಹೋಗಿದ್ದೆ. ತಮ್ಮ ಈಗ ಅಲ್ಲೇ ಇದ್ದಾನೆ, ಬೆಂಗಳೂರು ಬೇಡ ಅಂತ ವಾಪಸ್ಸು ಬಂದುಬಿಟ್ಟ. ಕೆರೆ ಕೋಡಿಯ ತನಕ ತುಂಬಿತ್ತು. ಮಕ್ಕಳು ಈಜುತ್ತಿರಲಿಲ್ಲ, ಬೇಡ ಅಂತ ಹೇಳಿದ್ದಾರಂತೆ. ಈ ನೀರನ್ನು ತೂಬಿನಿಂದ ಗದ್ದೆಗೆ ಬಿಡುವ ಹಾಗಿಲ್ಲ, ಪಂಪಿಟ್ಟು ಎತ್ತುವ ಹಾಗೂ ಇಲ್ಲ, ನೆಲಕ್ಕೆ ಇಂಗಬೇಕು ಅಂತ ನಿಯಮ. ಇಂಗಿದ್ದು ಬೋರ್‌ವೆಲ್ ಇದ್ದವರ ಹೊಲದಲ್ಲಿ ಮೇಲೆ ಬರುತ್ತದೆ. ನಮ್ಮ ಕೇರಿಯಲ್ಲಿ ಬೋರ್‌ವೆಲ್ ಇರುವುದು ಇಬ್ಬರಿಗೆ. ಹಳೆಯ ಕಲ್ಲುತೂಬಿಗೆ ಈಗ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ.

‘ನನ್ನ ನೀರಗಂಟಿ ಆಗು ಅಂತ ಕೇಳಿದ್ರು ಅಣ್ಣ’ ಅಂದ. ಕೆರೆ ಸಂಘದವರು ಮನೆಗೇ ಬಂದಿದ್ದರಂತೆ. ನಿಮ್ಮ ತಾತ ಮಾಡ್ತಿದ್ದ ಕೆಲಸ ತಾನೇ, ನಿಮ್ಮ ಮನೆಯವರೇ ಆಗಲಿ ಅಂದರಂತೆ.

‘ತೂಬು ತೆಗೆಯೋಕಾ?’ ಅಂದೆ.

‘ಅಲ್ಲ. ಯಾರೂ ತೆಗೀದೇ ಇರೋ ಹಾಗೆ ಕಾಯೋಕೆ.’

ಸಂಬಳ ಎಷ್ಟು ಅಂತ ಇವನು ಕೇಳಲಿಲ್ಲವಂತೆ. ಸಂಘದ ಪುಸ್ತಕದಲ್ಲಿ ನಮ್ಮ ಕೇರಿಯವರ ಹೆಸರು ಎಷ್ಟಿವೆ, ಮೀನಿನ ಹರಾಜಿನ ದುಡ್ಡಿನಲ್ಲಿ ನಮ್ಮ ಪಾಲೆಷ್ಟು, ಮೊದಲು ಹೇಳಿ, ಆಮೇಲೆ ಕೀಲಿ ಕೊಡಿ ಅಂದನಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿ, ಮುಂದಿನ ಸಭೆಯಲ್ಲಿ ಮಾತಾಡೋಣ ಅಂತ ಹೇಳಿ ಹೋದರು. ಸಭೆ ಇನ್ನೂ ಕರೆದಿಲ್ಲ. ಕೀಲಿ ಅಧ್ಯಕ್ಷರ ಮನೆಯ ಗೂಟದಲ್ಲಿದೆ.